ಜನ್ನತಬಿ ಮೊದಲು ಕೇಳುವ ಮಾತು

ತಾಂಬಾದ ಜನ್ನತಬಿಯ ಬಳಿ ಯಾರೇ ಏನೇ ಕೇಳಿಕೊಂಡು ಬರಲಿ, ಉತ್ತರ ತಟ್ಟನೆ ಸಿಗುವುದಿಲ್ಲ. ಮೊದಲು "ಆರಾಮ ಅದೀರೇನ್ರಿ?" ಆಗಬೇಕು. ಆಮೇಲೆ ಊರು ಯಾವುದು, ಮನೆಯಲ್ಲಿ ಹಿರಿಯರು ಹೇಗಿದ್ದಾರೆ, ಆ ಕಡೆ ಮಳೆ ಹೇಗೆ. ಬಂದವರು ಚಹಾ ಕುಡಿದು ಕಪ್ಪು-ಬಸಿ ಕೆಳಗಿಟ್ಟ ಮೇಲೆ, ಸೆರಗು ಸರಿಮಾಡಿಕೊಂಡು ಮುಖ್ಯ ಪ್ರಶ್ನೆ ಹಾಕುತ್ತಾಳೆ: "ನಿಮ್ಮ ಹೊಲ ಎರಿನೋ, ಮಡ್ಡಿನೋ?"

ಎರಿ ಎಂದರೆ ನೀರು ಕುಡಿದು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಕರಿ ಮಣ್ಣು. ಮಡ್ಡಿ ಎಂದರೆ ಮೇಲೆ ಗೇಣು ಮಣ್ಣು, ಕೆಳಗೆ ಬರೀ ಕಲ್ಲು. ಅಲ್ಲಿ ನೀರು ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಈ ಪ್ರಶ್ನೆಗೆ ಉತ್ತರ ಸಿಗದೆ ಜನ್ನತಬಿ ಲಿಂಬೆ ಗಿಡದ ಬಗ್ಗೆ ತುಟಿ ಬಿಚ್ಚುವವಳಲ್ಲ. ಯಾರಾದರೂ ತಡವರಿಸಿದರೆ, ಒಂದು ಮುಷ್ಟಿ ಮಣ್ಣು ತಗೊಂಡು ಬಾ ಎಂದು ವಾಪಸು ಅಟ್ಟುತ್ತಾಳೆ. ಹಸಿ ಮಣ್ಣನ್ನು ಅಂಗೈಯಲ್ಲಿ ಹಿಂಡಿ, ಅದು ಉಂಡೆಯಾಗಿ ನಿಲ್ಲುತ್ತದೋ ಬೆರಳ ಸಂದಿಯಿಂದ ಜಾರುತ್ತದೋ ನೋಡಿದ ಮೇಲೆಯೇ ಮುಂದಿನ ಮಾತು. ಬಸ್ಸಿನ ಹೊತ್ತಾಯಿತು ಎಂದು ಬಂದವರು ಚಡಪಡಿಸಿದರೆ ಅದು ಅವರ ಪಾಡು.

ಅವಳು ಹುಟ್ಟಿದ್ದು ಹಲಸಂಗಿಯಲ್ಲಿ. ಮದುವೆಯಾಗಿ ತಾಂಬಾಕ್ಕೆ ಬಂದಾಗ ಲಿಂಬೆಯ ಬಗ್ಗೆ ಗೊತ್ತಿದ್ದದ್ದು ಉಪ್ಪಿನಕಾಯಿ ಮಾತ್ರ. ಉಳಿದದ್ದೆಲ್ಲ ಕಲಿಸಿದವಳು ಅತ್ತೆ. ಅತ್ತೆ ಕಲಿಸುವುದೆಂದರೆ ತಾನು ಮುಂದೆ ನಡೆಯುವುದು, ಸೊಸೆ ಹಿಂದೆ ನೋಡುತ್ತ ಬರುವುದು; ಎರಡನೇ ಸಲ ಕೇಳಿದರೆ ಬೈಗುಳ. ಹಾಗೆ ಬೈಸಿಕೊಂಡು ಕಲಿತದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ವಿದ್ಯೆ ಗಿಡ ಬಾಡಿಸುವುದು. ಮಳೆಗಾಲ ಹಿಂದಾಗುತ್ತಿದ್ದಂತೆ ಲಿಂಬೆ ಗಿಡಕ್ಕೆ ನೀರು ನಿಲ್ಲಿಸಿ ಒಂದಿಷ್ಟು ದಿನ ಬಾಯಾರಿಸಬೇಕು. ಎಲೆ ಮುರುಟಿ ಅಲ್ಲೊಂದು ಇಲ್ಲೊಂದು ಉದುರಿದಾಗ ಗೊಬ್ಬರ ಕೊಟ್ಟು, ಮೆಲ್ಲಗೆ ನೀರು ಹಾಯಿಸಬೇಕು. ಸಾವಿಗೆ ಹೆದರಿದ ಗಿಡ ಮೈತುಂಬ ಹೂ ಬಿಡುತ್ತದೆ, ಊರಿಗೆಲ್ಲ ಶರಬತ್ತು ನೆನಪಾಗುವ ಬೇಸಿಗೆಗೆ ಸರಿಯಾಗಿ ಕಾಯಿ ಬರುತ್ತದೆ. ಎಷ್ಟು ದಿನ ಬಾಯಾರಿಸಬೇಕು ಎಂಬಲ್ಲಿದೆ ಕೈಗುಣ. ಎರಿ ಹೊಲದ ಗಿಡ ತಿಂಗಳಾದರೂ ತಡೆಯುತ್ತದೆ. ಮಡ್ಡಿಯ ಗಿಡಕ್ಕೆ ಅದರ ಕಾಲುಭಾಗ ದಿನ ಸಾಕು. ಮೀರಿದರೆ ಹೂವೂ ಇಲ್ಲ, ಗಿಡವೂ ಇಲ್ಲ.

ಇಷ್ಟು ಬಲ್ಲ ಹೆಂಗಸಿನಿಂದಲೇ ಮುದ್ದೇಬಿಹಾಳ ಕಡೆಯ ಒಬ್ಬಳ ಗಿಡಗಳು ಸಾಯುವ ಹಂತಕ್ಕೆ ಬಂದವು ಎಂದರೆ ಯಾರೂ ನಂಬುವುದಿಲ್ಲ. ಈಗ ಜನ್ನತಬಿ ಅದನ್ನು ನಗುತ್ತ ಹೇಳುತ್ತಾಳೆ. ನಗುವಷ್ಟು ಹಗುರಾಗಲು ಅವಳಿಗೆ ಸಾಕಷ್ಟು ದಿನ ಬೇಕಾಯಿತು.

ಶುರುವಾದದ್ದು ಬಸವಂತರಾಯನಿಂದ. ಇಂಡಿಯಲ್ಲಿ ಅವನ ಸ್ಟುಡಿಯೋ ಇದೆ. ಸುತ್ತಿನ ಹಳ್ಳಿಗಳ ಮದುವೆಗಳ ವಿಡಿಯೋ ತೆಗೆದೇ ಅವನ ತಲೆ ಅರ್ಧ ಬೆಳ್ಳಗಾಗಿದೆ. ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಬಂದ ಮೇಲೆ ಅವನು ಬೇರೆ ವಿದ್ಯೆ ಕಲಿತ: ಯೂಟ್ಯೂಬಿಗೆ ಹಾಕಿದ ವಿಡಿಯೋ ಹುಡುಕುವವರ ಕಣ್ಣಿಗೆ ಮೊದಲು ಬೀಳುವಂತೆ ಮಾಡುವುದು. ಸಿಂದಗಿಯ ಟೇಲರು, ಬಸವನ ಬಾಗೇವಾಡಿಯ ಪಂಪು ರಿಪೇರಿಯವನು, ಹೀಗೆ ಹಲವರ ಚಾನೆಲ್ಲುಗಳನ್ನು ಅವನೇ ಮೇಲೆತ್ತಿದ್ದ. ತಾಂಬಾದ ಮದುವೆಯೊಂದಕ್ಕೆ ಬಂದಾಗ, ಜನ್ನತಬಿ ಒಬ್ಬ ಗಂಡಸಿಗೆ ಅವನ ಗಿಡದ ಸಲುವಾಗಿ ಹಂದರದಲ್ಲೇ ಛೀಮಾರಿ ಹಾಕುವುದನ್ನು ಕಂಡು ಅಲ್ಲೇ ನಿಂತುಬಿಟ್ಟ. ಮಾರನೆಯ ವಾರ ಕ್ಯಾಮೆರಾ ಹೊತ್ತು ಅವಳ ತೋಟಕ್ಕೆ ಬಂದ.

"ಎಷ್ಟೊತ್ತು ಮಾತಾಡ್ಬೇಕೋ ರಾಯಾ?"

"ನಿಮಗ ತಿಳಿದಷ್ಟೊತ್ತು ಮಾತಾಡ್ರಿ ಕಾಕಿ. ಕತ್ತರಿ ನನ್ನ ಕಡೆ ಐತಿ."

ಜನ್ನತಬಿ ಕ್ಯಾಮೆರಾದ ಕಡೆ ನೋಡಿ "ಆರಾಮ ಅದೀರೇನ್ರಿ?" ಎಂದಳು. ಎಂದು ಸುಮ್ಮನೆ ನಿಂತಳು. ಉತ್ತರ ಬಾರದೆ ಮುಂದಿನ ಮಾತಾಡುವ ರೂಢಿ ಅವಳಿಗಿಲ್ಲ. ಕೊನೆಗೆ ಬಸವಂತರಾಯನೇ ಕ್ಯಾಮೆರಾದ ಹಿಂದಿನಿಂದ ತಲೆ ಆಡಿಸಬೇಕಾಯಿತು. ಆಮೇಲೆ ಮನೆ, ಹಿರಿಯರು, ಮಳೆ, ಎಲ್ಲ ಕ್ರಮವಾಗಿ ಬಂದವು. ಬಗ್ಗಿ ಒಂದು ಮುಷ್ಟಿ ಮಣ್ಣು ತೆಗೆದು ಹಿಂಡಿ ತೋರಿಸಿ, ಎರಿಗೆ ಇಷ್ಟು, ಮಡ್ಡಿಗೆ ಇಷ್ಟು ಎಂದು ಬಿಡಿಸಿ ಹೇಳಿದಳು. ಆನಂತರ ಗಿಡದ ಕಡೆ ತಿರುಗಿ, "ಇನ್ನ ಈ ಗಿಡಾ ನೋಡ್ರಿ, ಹಿಂಗ ನೀರ ನಿಲ್ಲಸ್ರಿ, ಒಂದು ತಿಂಗಳ ತಡೀರಿ" ಎಂದು ತನ್ನ ಎರಿ ಹೊಲದ ಲೆಕ್ಕ ಒಪ್ಪಿಸಿದಳು. ಗಂಡ ಮಹಮ್ಮದಹನೀಫ ಬೇಲಿಯ ಹತ್ತಿರ ಕೂತು ಎಲ್ಲ ನೋಡಿ, "ಮನಿಯಾಗ ನನ್ನ ಜೋಡಿ ಇಷ್ಟು ಸಮಾಧಾನಲೆ ಎಂದೂ ಮಾತಾಡಿಲ್ಲ" ಎಂದ.

ಬಸವಂತರಾಯ ಇಂಡಿಗೆ ಹೋಗಿ ಕತ್ತರಿ ಹಿಡಿದು ಕೂತ. ಅವನ ಶಾಸ್ತ್ರದ ಪ್ರಕಾರ ವಿಡಿಯೋದ ಮೊದಲ ಅರ್ಧ ನಿಮಿಷವೇ ಹಣೆಬರಹ. ನೋಡಲು ಬಂದವರು ಅಷ್ಟರಲ್ಲಿ ಓಡಿಹೋದರೆ, ಹುಡುಕಿಕೊಡುವ ಯಂತ್ರವು ಇದರಲ್ಲಿ ಹುರುಳಿಲ್ಲ ಎಂದು ತಿಳಿದು ಅದನ್ನು ತಳಕ್ಕೆ ಒಗೆಯುತ್ತದೆ. ಕೂತು ನೋಡಿದರೆ ಮೇಲಕ್ಕೆತ್ತುತ್ತದೆ. ಅವನಿಗೆ ಮದುವೆಯ ಮುಹೂರ್ತ ಗೊತ್ತೇ ಹೊರತು ಮಣ್ಣು ಗೊತ್ತಿಲ್ಲ. ಕುಶಲೋಪರಿ, ಮಳೆ, ಮಣ್ಣಿನ ಮುಷ್ಟಿ, ಎಲ್ಲ ಅವನಿಗೆ ಒಂದೇ ಹರಟೆಯಾಗಿ ಕಂಡವು. ಎಲ್ಲವನ್ನೂ ಕಚಕ್ಕನೆ ಕತ್ತರಿಸಿ, "ಹಿಂಗ ನೀರ ನಿಲ್ಲಸ್ರಿ" ಎಂಬಲ್ಲಿಂದ ಶುರುಮಾಡಿದ. ಬೇಸಿಗೆಯಲ್ಲಿ ಲಿಂಬೆ ಗಿಡ ತುಂಬ ಕಾಯಿ ಬಿಡಬೇಕೆ ಎಂದು ಟೈಟಲ್ ಕೊಟ್ಟ. ಮುಂದೆ ಕಾಣುವ ಚಿತ್ರಕ್ಕೆ ಹಳದಿ ಕಾಯಿಗಳ ರಾಶಿ ಇಟ್ಟ.

ವಿಡಿಯೋ ಏರಿತು. ಲಿಂಬೆಯ ಬಗ್ಗೆ ಯಾರು ಏನು ಹುಡುಕಿದರೂ ಮೊದಲು ಜನ್ನತಬಿಯೇ. ಇಂಡಿಯ ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಹೆಂಗಸರು ಅವಳ ಕೈಹಿಡಿದು "ಲಿಂಬಿ ಅಕ್ಕಾರಲ್ಲೇನ್ರಿ?" ಎಂದು ಮಾತಾಡಿಸಿದರು. ಹಿಗ್ಗೇನೋ ಆಯಿತು. ಆದರೆ ಊರೆಲ್ಲ ನೋಡಿದ ಆ ವಿಡಿಯೋವನ್ನು ಜನ್ನತಬಿ ನೋಡಲಿಲ್ಲ. ತಾನು ಮಾತಾಡುವುದನ್ನು ತಾನೇ ಕೂತು ನೋಡುವುದೆಂದರೆ ಅವಳಿಗೆ ನಾಚಿಕೆ. ಜನ ಬರೆದ ಕಾಮೆಂಟು ಮಾತ್ರ ಸಂಜೆ ಹೊತ್ತು ಗಂಡನ ಫೋನಿನಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದಳು.

ಮಳೆಗಾಲ ಹಿಂದಾಗುತ್ತಿದ್ದ ದಿನಗಳವು. ಒಂದು ಸಂಜೆ ಕಾಮೆಂಟುಗಳ ನಡುವೆ ಇದು ಕಂಡಿತು. ಹೆಸರು ಸೋಮನಿಂಗ ಎಂದಿತ್ತು, ಪಕ್ಕದಲ್ಲಿ ಜೋಡೆತ್ತಿನ ಚಿತ್ರ. ಬರೆದದ್ದು ಹೆಂಗಸು.

"ಅಕ್ಕಾರ, ನೀವು ಹೇಳಿದಂಗ ನಮ್ಮ ಲಿಂಬಿ ಗಿಡಕ್ಕ ನೀರ ನಿಲ್ಲಿಸೇವಿ. ಮೂರನೇ ವಾರ ನಡದೈತಿ. ನಮ್ಮದು ಮುದ್ದೇಬಿಹಾಳ ಕಡೆ ಮಡ್ಡಿ ಹೊಲ. ಎಲಿ ರಾಶಿ ರಾಶಿ ಉದರಾಕತ್ತಾವ. ಮನಿಯಾಗ ಎಲ್ಲಾರೂ ಬೈತಾರ, ನಾ ನಿಮ್ಮ ಮಾತ ಬಿಟ್ಟಿಲ್ಲ. ಇನ್ನೂ ಎಷ್ಟು ದಿನ ತಡೀಬೇಕ್ರಿ? ರೇಣುಕಾ."

ಜನ್ನತಬಿಗೆ ಮೊದಲು ಬಂದದ್ದು ಸಿಟ್ಟು. "ಮಡ್ಡಿಗೆ ಬ್ಯಾರೆ ಲೆಕ್ಕ ಅಂತ ಬಡಕೊಂಡು ಹೇಳೇನಿ. ಈಕಿ ಕಿವಿ ಎಲ್ಲಿ ಇಟ್ಟಿದ್ಲು?" ಎಂದು ಗಂಡನ ಮುಂದೆ ಕೂಗಾಡಿದಳು.

"ಹೇಳೀದಿ ಖರೆ," ಎಂದ ಹನೀಫ. "ಆದ್ರ ವಿಡಿಯೋದಾಗ ಅದು ಇದ್ದಂಗ ಕಾಣಲಿಲ್ಲ."

ಆಗ ನಾಚಿಕೆ ಬಿಟ್ಟು ವಿಡಿಯೋ ಹಚ್ಚಿಸಿ ನೋಡಿದಳು. ಮಣ್ಣಿನ ಮುಷ್ಟಿ ಇರಲಿಲ್ಲ. ಎರಿಯೂ ಇರಲಿಲ್ಲ, ಮಡ್ಡಿಯೂ ಇರಲಿಲ್ಲ. ತನ್ನದೇ ಮುಖ, ತನ್ನದೇ ದನಿ, ಕುಶಲ ಕೇಳದೆ, ಹೊಲ ಯಾವುದು ಎನ್ನದೆ, ನೀರು ನಿಲ್ಲಿಸಿ ತಿಂಗಳು ತಡೆಯಿರಿ ಎಂದು ಜಗತ್ತಿಗೆಲ್ಲ ಅಪ್ಪಣೆ ಕೊಡುತ್ತಿತ್ತು.  ಮನೆಯವರ ಬೈಗುಳ ತಿಂದುಕೊಂಡು, ಉದುರಿದ ಎಲೆಗಳ ನಡುವೆ ನಿಂತು, ಅಕ್ಕಾರು ಹೇಳಿದ್ದಾರೆ ಎಂದು ನೀರು ಮುಟ್ಟದ ಒಬ್ಬ ಹೆಂಗಸು ಕಣ್ಣಮುಂದೆ ಬಂದಳು. ಆ ರಾತ್ರಿ ಜನ್ನತಬಿಗೆ ಅನ್ನ ಸೇರಲಿಲ್ಲ.

ಕಾಮೆಂಟಿಗೆ ಹನೀಫನೇ ಉತ್ತರ ಬರೆದ: ಇಂದೇ ನೀರು ಕೊಡಿರಿ, ಸ್ವಲ್ಪ ಸ್ವಲ್ಪ. ಮುಂಜಾನೆ ನೋಡಿದರೆ ಆ ಕಡೆಯಿಂದ ಉಸಿರಿಲ್ಲ. ಫೋನು ಮಾಡಿ ಕರೆಸಿದ ಮೇಲೆ ಬಸವಂತರಾಯ ಬೈಕಿನಲ್ಲಿ ಬಂದಿಳಿದ. ಅವನು ಹೆಲ್ಮೆಟ್ ತೆಗೆಯುವ ಮೊದಲೇ ಜನ್ನತಬಿ ಶುರು ಮಾಡಿದಳು.

"ನನ್ನ ಮಾತು ಕತ್ತರಿಸಾಕ ನಿನಗ ಯಾರು ಹೇಳಿದ್ರೋ? ಮಣ್ಣ ಕೇಳದ ನಾ ಎಂದಾರ ಔಷಧ ಹೇಳೇನೇನು?"

ಬಸವಂತರಾಯ ಕಾಮೆಂಟು ಓದಿದ. ಎರಡನೇ ಸಲ ಓದುವಾಗ ಅವನ ಮುಖ ಇಳಿಯಿತು. "ತಪ್ಪಾತ್ರಿ ಕಾಕಿ," ಎಂದ. "ನಾ ಅದನ್ನ ಮಾತಿನ ಉಪಚಾರ ಅಂತ ತಿಳದಿದ್ನಿ. ನನಗೇನು ಗೊತ್ತು, ಅದರಾಗ ಜೀವ ಇತ್ತಂತ." ಅಷ್ಟು ಹೇಳಿದ ಮೇಲೆ ಅವನನ್ನು ಬೈಯಲು ಜನ್ನತಬಿಗೆ ಮನಸ್ಸಾಗಲಿಲ್ಲ. ನೋಡದೆ ಬಿಟ್ಟದ್ದು ತನ್ನದೂ ತಪ್ಪೇ ಅಲ್ಲವೆ?

"ಮೊದಲ ಅದನ್ನ ಅಳಿಸಿ ಒಗಿ," ಎಂದಳು.

"ಅಳಿಸಿದ್ರ ಹೊಸಬರು ನೋಡೂದಿಲ್ಲ, ಖರೆ. ಆದ್ರ ರೇಣುಕಾ ಈಗಾಗ್ಲೆ ನೋಡ್ಯಾಳ. ಆಕಿ ಮತ್ತ ನಮ್ಮನ್ನ ಹುಡುಕ್ಕೊಂಡು ಅದರ ಕಡೆನ ಬರ್ತಾಳ. ಬಂದ ಬಾಗಲಾನ ಮುಚ್ಚಿದ್ರ ಎಲ್ಲಿ ಹೋಗ್ಬೇಕು?"

ಉತ್ತರ ಯಾಕೆ ಮುಟ್ಟಿಲ್ಲ ಎಂಬುದನ್ನೂ ಅವನೇ ವಿವರಿಸಿದ. ಫೋನು ಗಂಡನದು ಇರಬೇಕು. ಉತ್ತರ ಬಂದರೆ ಸದ್ದು ಮಾಡುವುದನ್ನು ಅವನು ಬಂದ್ ಮಾಡಿಟ್ಟಿರಬೇಕು. ಬಹಳ ಮಂದಿ ಹಾಗೆಯೇ ಇಡುತ್ತಾರೆ. ಹಾಗಾದರೆ ತಾನೇ ಮುದ್ದೇಬಿಹಾಳಕ್ಕೆ ಹೋಗುತ್ತೇನೆ ಎಂದು ಜನ್ನತಬಿ ಚಪ್ಪಲಿ ಮೆಟ್ಟಿಕೊಂಡಳು.

"ಹೋಗಿ ಏನ ಮಾಡ್ತಿ?" ಎಂದ ಹನೀಫ. "ಬಸ್ ಸ್ಟ್ಯಾಂಡಿನಾಗ ನಿಂತು ರೇಣುಕಾ ಅಂತ ಕೂಗಿದ್ರ ಅರ್ಧ ಬಸ್ ಖಾಲಿ ಆಗ್ತೈತಿ."

ಸಂಕಟದಲ್ಲೂ ಜನ್ನತಬಿಗೆ ನಗು ಬಂತು. ಚಪ್ಪಲಿ ಬಿಟ್ಟು ಮತ್ತೆ ಕೂತಳು.

"ನಾವು ಆಕಿನ ಹುಡುಕಾಕ ಆಗೂದಿಲ್ಲ," ಎಂದ ಬಸವಂತರಾಯ. "ಆಕಿ ಹುಡುಕಿದಾಗ ನಾವು ಸಿಗೋಹಂಗ ಮಾಡ್ಬೇಕು. ಹೊಸಾ ವಿಡಿಯೋ ಹಾಕೋಣ. ಅಲ್ರಿ ಕಾಕಿ, ಎಲಿ ಉದರಾಕತ್ತಾವ, ಉತ್ತರ ಬರವಲ್ತು. ಇನ್ನೊಂದೆರಡು ದಿನ ನೋಡಿ ಆಕಿ ಫೋನಿಗೆ ಏನಂತ ಕೇಳ್ತಾಳ?"

ಅದುವರೆಗೆ ಸಾವಿರಾರು ಮಂದಿ ಏನು ಕೇಳುತ್ತಾರೆ ಎಂದು ಲೆಕ್ಕ ಹಾಕಿದವನು ಅವನು. ಒಬ್ಬಳೇ ಒಬ್ಬಳು ಏನು ಕೇಳುತ್ತಾಳೆ ಎಂದು ಯೋಚಿಸುವುದು ಅವನಿಗೂ ಹೊಸದು. ಫೋನು ತೆಗೆದು ಲಿಂಬೆ ಗಿಡದ ಎಲೆ ಉದುರುವ ರೋಗ ಎಂದು ಹುಡುಕಿ ತೋರಿಸಿದ. ಸಾಲುಸಾಲಾಗಿ ಔಷಧಿ ಹೊಡೆಯುವ ವಿಡಿಯೋಗಳು. ಜನ್ನತಬಿಗೆ ಮತ್ತೊಂದು ಗಾಬರಿ ಹತ್ತಿತು: ಬಾಯಾರಿ ಸಾಯುತ್ತಿರುವ ಗಿಡಕ್ಕೆ ರೇಣುಕಾ ಇವನ್ನು ನೋಡಿ ಔಷಧಿ ಹೊಡೆದರೆ?

"ಇವು ದೊಡ್ಡ ಚಾನೆಲ್. ಇವನ್ನ ದಾಟಿ ಮ್ಯಾಲ ಹೋಗೂದು ನಮ್ಮ ಕೈಲೆ ಆಗೂದಿಲ್ಲ," ಎಂದ ಬಸವಂತರಾಯ. "ಆದ್ರ ಎಲ್ಲಾರೂ ಕೇಳೂದು ಬ್ಯಾರೆ, ಆಕಿ ಒಬ್ಬಾಕಿನ ಕೇಳೂದು ಬ್ಯಾರೆ. ಆಕಿದು ಅಂಥಾ ಪ್ರಶ್ನೆ ಏನೈತಿ? ಯಾರೂ ಉತ್ತರ ಕೊಡದಂಥಾದ್ದು?"

ಜನ್ನತಬಿ ಕಣ್ಣು ಮುಚ್ಚಿದಳು. ತಾನು ಹೊಸ ಸೊಸೆಯಾಗಿದ್ದಾಗ ಅತ್ತೆಗೆ ಹೆದರಿ ನಿಂತ ದಿನಗಳು ನೆನಪಾದವು. ಎಲೆ ಉದುರುವುದು ಕಂಡಾಗ ರೋಗ ಎಂಬ ವಿಚಾರ ಹತ್ತಿರ ಸುಳಿಯುತ್ತಿರಲಿಲ್ಲ. ಮನಸ್ಸಿನಲ್ಲಿ ಒಂದೇ ಒಂದು ಸುತ್ತುತ್ತಿತ್ತು.

"ನೀರ ಬಿಡ್ಲ್ಯೋ ಬ್ಯಾಡೋ," ಎಂದಳು. "ಅದನ್ನ ಕೇಳ್ತಾಳ. ನೀರ ನಿಲ್ಲಿಸಿದ ಮ್ಯಾಲ ಎಲಿ ಉದರಾಕತ್ತಾವ, ಈಗ ನೀರ ಬಿಡ್ಲ್ಯೋ ಬ್ಯಾಡೋ. ಬ್ಯಾರೆ ಏನೂ ಕೇಳೂದಿಲ್ಲ."

ಬಸವಂತರಾಯ ಅದನ್ನೇ ಹುಡುಕಿ ನೋಡಿದ. ಆ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವ ಒಂದು ವಿಡಿಯೋವೂ ಇರಲಿಲ್ಲ. ಖುಷಿಯಿಂದ ತೊಡೆ ತಟ್ಟಿಕೊಂಡ. ಖಾಲಿ ಜಾಗ ಸಿಕ್ಕಿತ್ತು.

ತಾಂಬಾದ ಅವರ ತೋಟ ಎರಿ. ಅಲ್ಲಿ ಒಂದು ಗಿಡವೂ ಸಂಕಟದಲ್ಲಿರಲಿಲ್ಲ. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಹನೀಫನ ಹಳೆಯ ಗೆಳೆಯ ಶಂಕ್ರೆಪ್ಪನ ಮಡ್ಡಿ ಹೊಲದಲ್ಲಿ, ಮೋಟರು ಕೆಟ್ಟು ನೀರು ಕಾಣದ ಲಿಂಬೆಯ ಸಾಲಿತ್ತು. ಮೂವರೂ ಅಲ್ಲಿಗೆ ಹೋದರು. ಗಿಡ ಬಾಡಿದ್ದಕ್ಕೆ ತನಗೆ ಛೀಮಾರಿ ಬೀಳುತ್ತದೆ ಎಂದು ಶಂಕ್ರೆಪ್ಪ ಅಂಜಿ ನಿಂತಿದ್ದರೆ, ಜನ್ನತಬಿ "ಛಲೋ ಬಾಡ್ಸೀದಿ ತಮ್ಮಾ, ಇಂಥಾದ್ದ ಬೇಕಾಗಿತ್ತು" ಎಂದು ಬೆನ್ನು ಚಪ್ಪರಿಸಿದಳು. ಪಾಪ, ಅವನಿಗೆ ತಲೆಬುಡ ತಿಳಿಯಲಿಲ್ಲ.

ಕ್ಯಾಮೆರಾ ಶುರುವಾಯಿತು. ಈ ಸಲ ಜನ್ನತಬಿ ಕುಶಲ ಕೇಳಲಿಲ್ಲ. ರೇಣುಕಾಳ ಹತ್ತಿರ ಅಷ್ಟು ಹೊತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ನೆಲದಿಂದ ಮಣ್ಣು ತೆಗೆದು ಬೆರಳ ಸಂದಿಯಿಂದ ಜಾರಬಿಟ್ಟಳು.

"ನಿಮ್ಮ ಹೊಲ ಎರಿನೋ, ಮಡ್ಡಿನೋ? ಮಡ್ಡಿ ಇದ್ರ ಈ ವಿಡಿಯೋ ಮುಗಿಯೂತನ ಕುಂಡ್ರಬ್ಯಾಡ್ರಿ, ಮೊದಲ ಹೋಗಿ ನೀರ ಕೊಡ್ರಿ. ಒಮ್ಮೆಲೆ ಹಾಯಿಸಬ್ಯಾಡ್ರಿ. ಇವತ್ತು ಬುಡಕ್ಕ ಒಂದೊಂದು ಕೊಡಾ, ನಾಳೆ ಇನ್ನೊಂದಿಷ್ಟು. ಬುಡಕ್ಕ ಕಬ್ಬಿನ ಒಣ ಎಲಿ, ರವದಿ, ಹಾಕಿ ಮುಚ್ಚರಿ, ತಂಪ ನಿಲ್ತೈತಿ. ಎಲಿ ಹೋದುವಂತ ಗಿಡಾ ಹೋತು ಅನಬ್ಯಾಡ್ರಿ. ಇಲ್ನೋಡ್ರಿ, ಹಿಂಗ ಟೊಂಗಿಗೆ ಉಗುರಿಲೆ ಕೆರೀರಿ. ಒಳಗ ಹಸರ ಕಂಡ್ರ ಜೀವ ಐತಿ."

ಅವಳ ಹೆಬ್ಬೆರಳ ಉಗುರಿನ ಕೆಳಗೆ ಶಂಕ್ರೆಪ್ಪನ ಗಿಡದ ತೊಗಟೆ ಸುಲಿದು ಎಳೆಹಸಿರು ಇಣುಕಿತು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಜನ್ನತಬಿ ಮುಗಿಸಲಿಲ್ಲ. ದನಿ ತಗ್ಗಿಸಿ, "ಮೊದಲಿನ ವಿಡಿಯೋದಾಗ ಮಡ್ಡಿ ಮಾತ ಬಿಟ್ಟು ಹೋಗಿತ್ತವಾ ರೇಣುಕಾ. ತಪ್ಪು ನಮ್ಮದು, ನಿಂದಲ್ಲ. ಮನಿಯವ್ರಿಗೂ ಇದನ್ನ ತೋರ್ಸು" ಎಂದಳು. ಬಸವಂತರಾಯ ಈ ಸಲ ಒಂದು ಅಕ್ಷರವನ್ನೂ ಕತ್ತರಿಸಲಿಲ್ಲ. ಆ ಮೊದಲ ಪ್ರಶ್ನೆ ಕಿವಿಗೆ ಬಿದ್ದವರು ಬೇರೆ ವಿಡಿಯೋಕ್ಕೆ ಜಾರಲಾರರು ಎಂದು ಅವನಿಗೂ ಅನಿಸಿತು.

ಮುಂದೆ ಕಾಣುವ ಚಿತ್ರಕ್ಕೆ ಶಂಕ್ರೆಪ್ಪನ ಬೋಳು ಗಿಡ, ಬುಡದಲ್ಲಿ ಉದುರಿದ ಎಲೆ. ಟೈಟಲ್ ಆಗಿ ರೇಣುಕಾ ಕೇಳಬಹುದಾದ ಪ್ರಶ್ನೆ, ಕೆಳಗಿನ ವಿವರಣೆಯಲ್ಲಿ ಅದನ್ನೇ ಜನ ಆಡುವ ರೀತಿಯಲ್ಲಿ ಒಂದು ಸಲ, ಬರೆಯುವ ರೀತಿಯಲ್ಲಿ ಒಂದು ಸಲ. ಕೆಲವರು ಬರೆದು ಹುಡುಕುತ್ತಾರೆ, ಬಹಳ ಮಂದಿ ಫೋನಿನ ಮೈಕು ಒತ್ತಿ ಬಾಯಿಂದಲೇ ಕೇಳುತ್ತಾರೆ. ಜನ್ನತಬಿ ಆಡುವ ಮಾತನ್ನೆಲ್ಲ ವಿಡಿಯೋದ ಕೆಳಗೆ ಅಕ್ಷರಗಳಲ್ಲೂ ಕೂರಿಸಿದ. ಹಳೆಯ ವಿಡಿಯೋದ ಕಾಮೆಂಟುಗಳ ತಲೆಯ ಮೇಲೆ, ಮಡ್ಡಿ ಹೊಲದವರು ಮೊದಲು ಇದನ್ನು ನೋಡಿರಿ ಎಂದು ಹೊಸದರ ಲಿಂಕು ಹಚ್ಚಿದ. ಆಮೇಲೆ ಯಾರೂ ಹೇಳದೆಯೇ ಇನ್ನೊಂದು ಕೆಲಸ ಮಾಡಿದ. ಅವನು ಅಷ್ಟು ಕಷ್ಟಪಟ್ಟು ಮೇಲಕ್ಕೇರಿಸಿದ್ದ ಆ ಹಳೆಯ ವಿಡಿಯೋದ ಟೈಟಲ್ ಕಿತ್ತು, ಎರಿ ಹೊಲಕ್ಕೆ ಮಾತ್ರ ಎಂದು ಬರೆದ. ಅದು ಕೆಳಗೆ ಜಾರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಜಾರಿತು ಕೂಡ.  ಜನ್ನತಬಿಗೆ ಅವನ ಮೇಲೆ ಮಗನ ಮೇಲಿನಷ್ಟು ಅಕ್ಕರೆ ಹುಟ್ಟಿದ್ದು ಅಂದೇ.

ಹೊಸ ವಿಡಿಯೋದಲ್ಲಿ ಹನೀಫನ ಫೋನ್ ನಂಬರು ಇತ್ತು. ಅದರ ಫಲವನ್ನು ಹನೀಫ ಉಂಡ. ಸಿಂದಗಿಯಿಂದ ಒಬ್ಬ ದಾಳಿಂಬೆಯ ಬಗ್ಗೆ ಕೇಳಿದ. ಬಸವನ ಬಾಗೇವಾಡಿಯ ಒಬ್ಬ ಹಿರಿಯರು ಸಸಿ ಸಿಗುತ್ತವೆಯೇ ಎಂದು ಕೇಳಿ, ಇಲ್ಲ ಎಂದ ಮೇಲೂ ತಮ್ಮ ಮೊಣಕಾಲಿನ ನೋವನ್ನು ಉದ್ದಕ್ಕೆ ಹೇಳಿಕೊಂಡರು. ಪ್ರತಿ ಸಲ ಫೋನು ಬಡಿದಾಗ ಜನ್ನತಬಿ ಕೈಯಲ್ಲಿದ್ದದ್ದು ಬಿಟ್ಟು ಓಡಿಬರುವಳು. ಅವಳಲ್ಲ ಎಂದು ಹನೀಫ ತಲೆ ಅಲ್ಲಾಡಿಸುವನು. ರೊಟ್ಟಿ ಹಂಚಿನ ಮೇಲೆ ಕರಕಾದವು. ಮಡ್ಡಿಯ ಗಿಡ ಇನ್ನೆಷ್ಟು ದಿನ ತಡೆದೀತು? ಅವಳು ಮನಸ್ಸಿನಲ್ಲೇ ಎಣಿಸುವಳು, ಎಣಿಸಿ ಹೆದರುವಳು.

ಕೊನೆಗೆ ಬಂದದ್ದು ಫೋನಲ್ಲ. ಒಂದು ಮುಂಜಾನೆ, ಹೊಸ ವಿಡಿಯೋದ ಕೆಳಗೆ, ಜೋಡೆತ್ತಿನ ಚಿತ್ರ.

"ಅಕ್ಕಾರ, ನೋಡಿದ್ನಿ. ನೀರ ಬಿಡ್ಲ್ಯೋ ಬ್ಯಾಡೋ ಅಂತ ಫೋನಿಗೆ ಕೇಳಿದ್ನಿ, ನೀವ ಬಂದು ಎರಿನೋ ಮಡ್ಡಿನೋ ಅಂದ್ರಿ. ಮುಗಿಯೂತನ ಕುಂಡ್ರಲಿಲ್ಲ, ಕೊಡಾ ತಗೊಂಡು ಓಡಿದ್ನಿ. ರಾತ್ರಿ ಉಳಿದದ್ದು ನೋಡಿದ್ವಿ, ನನ್ನ ಹೆಸರ ಕೇಳಿ ಮನಿಯಾಗ ಎಲ್ಲಾರೂ ಸುಮ್ಮನಾದ್ರು. ಮುಂಜಾನಿ ಎದ್ದು ಉಗುರಿಲೆ ಕೆರದ್ನಿ. ಹಸರ ಐತ್ರಿ. ರೇಣುಕಾ."

ಜನ್ನತಬಿ ಅದನ್ನು ಓದಿದಳು. ಗಂಡನಿಂದ ಮತ್ತೊಮ್ಮೆ ಓದಿಸಿದಳು. ತಾನು ಓದಿದ್ದೇ ಅಲ್ಲಿ ಬರೆದಿದೆ ಎಂದು ಖಾತ್ರಿಯಾದ ಮೇಲೆ ಹೊಸ್ತಿಲ ಮೇಲೆ ಕೂತಳು.  "ಅಲ್ಲಾ, ನೀ ದೊಡ್ಡಾವ," ಎಂದಳು. ಹನೀಫ ಅವಳ ಪಕ್ಕ ಕೂತು, "ನಾನೂ ಇದ್ನಿಲ್ಲೇನು, ಫೋನ ಹಿಡಕೊಂಡು?" ಎಂದ. "ನೀವೂ ದೊಡ್ಡವ್ರ ಏಳ್ರಿ," ಎಂದು ಅವನ ತೋಳು ತಟ್ಟಿದಳು. ಅಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡು, ಬಿಸಿಲೇರಿದ್ದಾಗಲೇ ಚಾಪೆ ಹಾಸಿ, ಗೊರಕೆ ಬರುವಂತೆ ಮಲಗಿದಳು. ಹಗಲು ಮಲಗುವ ಹೆಂಗಸಲ್ಲ ಅವಳು. ಹನೀಫ ಫೋನಿನ ಸದ್ದು ಬಂದ್ ಮಾಡಿ ಕಾವಲು ಕೂತ.

ಸುದ್ದಿ ಕೇಳಿ ಬಸವಂತರಾಯ ಇಂಡಿಯಿಂದ ಪೇಢೆ ತಂದ. ಆ ವಿಡಿಯೋ ನೋಡಿದವರು ಮೊದಲಿನದರ ಕಾಲುಭಾಗವೂ ಇರಲಿಲ್ಲ. "ನನ್ನ ಇಷ್ಟು ವರ್ಷದಾಗ ಇದರಂಥಾ ವಿಡಿಯೋ ನಾ ಮೇಲೆತ್ತಿಲ್ರಿ ಕಾಕಿ," ಎಂದು ಅವನು ಹೇಳಿದ್ದು ಬಾಯಿಮಾತಿಗೆ ಅಲ್ಲ.

ಇನ್ನೂ ಒಂದು ಅಳುಕು ಉಳಿದಿತ್ತು. ತೊಗಟೆಯೊಳಗೆ ಹಸಿರಿದ್ದರೂ ಚಿಗುರು ಬರಬೇಕಲ್ಲ. ಆದರೆ ಅದು ಮೊದಲಿನ ಸಂಕಟವಲ್ಲ. ಬಿತ್ತಿ ಬಂದವರು ಮೊಳಕೆ ಕಾಯುವಂಥದ್ದು. ಜನ್ನತಬಿ ತೋಟದ ಕೆಲಸಕ್ಕೆ ಮರಳಿದಳು. ತನ್ನ ಗಿಡಗಳಿಗೆ ನೀರು ಹಾಯಿಸಿದಳು, ಹೂ ಬಂತು. ಇನ್ನೊಂದು ವಿಡಿಯೋ ತೆಗೆದರು. ಅದರಲ್ಲಿ "ಆರಾಮ ಅದೀರೇನ್ರಿ?" ಎಂದು ಅವಳು ಕೇಳಿದ್ದು, ಕೇಳಿ ಉತ್ತರಕ್ಕೆ ಕಾದದ್ದು, ಊರು, ಹಿರಿಯರು, ಮಳೆ, ಎಲ್ಲವನ್ನೂ ಬಸವಂತರಾಯ ಇದ್ದ ಹಾಗೆಯೇ ಬಿಟ್ಟ. ಮಂದಿ ಓಡಿಹೋದರೆ ಹೋಗಲಿ ಎಂದ. ವಿಚಿತ್ರವೆಂದರೆ ಬಹಳ ಮಂದಿ ಓಡಲಿಲ್ಲ. ಕೆಲವರು ಕೆಳಗೆ "ಆರಾಮ ಅದೇವ್ರಿ ಅಕ್ಕಾರ" ಎಂದು ಉತ್ತರವನ್ನೇ ಬರೆದರು. ಜನ್ನತಬಿ ಈಗ ತನ್ನ ವಿಡಿಯೋವನ್ನು ತಾನೇ ಮೊದಲು ನೋಡುತ್ತಾಳೆ, ಮುಖಕ್ಕೆ ಸೆರಗು ಅಡ್ಡ ಹಿಡಿದುಕೊಂಡಾದರೂ.

ಚಳಿ ಕಾಲಿಡುವ ಹೊತ್ತಿಗೆ ಒಂದು ಸಂಜೆ ಫೋನು ಬಡಿಯಿತು. ಹನೀಫ ಎತ್ತಿ, ಕೇಳಿ, ಕಣ್ಣರಳಿಸಿ ಅವಳ ಕಡೆ ಚಾಚಿದ. "ಮುದ್ದೇಬಿಹಾಳದಿಂದ. ರೇಣುಕಾ ಅಂತ."

ಜನ್ನತಬಿ ಫೋನು ಕಸಿದುಕೊಂಡಳು. ನಲವತ್ತು ವರ್ಷದ ರೀತಿ ರಿವಾಜು ಆ ಕ್ಷಣದಲ್ಲಿ ಹಾರಿಹೋಯಿತು. "ಗಿಡಾ ಹ್ಯಾಂಗದಾವವಾ? ಚಿಗತಾವೋ ಇಲ್ಲೋ? ಎಷ್ಟು ಹೋದುವು? ರವದಿ ಹಾಕೀದಿಲ್ಲೋ?" ಎಂದು ಒಂದೇ ಉಸಿರಿಗೆ ಕೇಳಿದಳು.

 ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು.

"ತಡೀರಿ ಅಕ್ಕಾರ. ಮೊದಲ, ಆರಾಮ ಅದೀರೇನ್ರಿ?"

 ಜನ್ನತಬಿಯ ಕಣ್ಣು ತುಂಬಿ ಬಂತು. "ಆರಾಮ ಅದೇನವಾ," ಎಂದಳು.

"ಮನಿಯಾಗ ಕಾಕಾರು ಹ್ಯಾಂಗದಾರ್ರಿ?"

"ಇಲ್ಲೇ ಕುಂತಾರ. ಅವರೂ ಆರಾಮ."

"ನಿಮ್ಮ ಕಡೆ ಮಳಿ ಹ್ಯಾಂಗಾತ್ರಿ?"

"ಬರೋಬ್ಬರಿ ಆತವಾ." ಜನ್ನತಬಿ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ಈಗ ನೀವು ಕೇಳ್ರಿ," ಎಂದಳು ರೇಣುಕಾ.

ಜನ್ನತಬಿ ಹೊಸ್ತಿಲ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಪದ್ಧತಿ ಪ್ರಕಾರ ಕೇಳಿದಳು. "ನಿಮ್ಮ ಹೊಲ ಎರಿನೋ, ಮಡ್ಡಿನೋ?"

"ಮಡ್ಡಿ ರೀ ಅಕ್ಕಾರ," ಎಂದಳು ರೇಣುಕಾ. "ಹೂವ ಬಿಟ್ಟಾವ."